ಕ್ಲಚ್ ಬಿಗಿ ಮಾಡುವ ಮೊದಲು: ಬೈಕ್ ಕ್ಲಚ್ ಮನೆಯಲ್ಲೇ ಹೊಂದಿಸಿಕೊಳ್ಳುವ ಕ್ರಮ

"ದೇವಿಮನೆ ಘಟ್ಟ ಹತ್ತುವಾಗ ಗಾಡಿ ಕೂಗುತ್ತದೆ, ಮುಂದೆ ಹೋಗುವುದಿಲ್ಲ. ಕ್ಲಚ್ ಎಷ್ಟು ಬಿಗಿ ಮಾಡಬೇಕು?" ಶಿರಸಿ, ಕುಮಟಾ, ಅಂಕೋಲಾ, ಕಾರವಾರ ಕಡೆಯ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಇದೇ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಗಿ ಮಾಡಬೇಡಿ. ಎಂಜಿನ್ ಕೂಗಿಯೂ ಗಾಡಿ ಎಳೆಯುತ್ತಿಲ್ಲ ಅಂದರೆ ಮೊದಲು ವೈರ್ ಸಡಿಲ ಮಾಡಿ ನೋಡಬೇಕು. ಸ್ಲಿಪ್ ಆಗುವ, ಅಂದರೆ ಒಳಗೆ ಜಾರುವ ಕ್ಲಚ್ಚನ್ನು ಇನ್ನಷ್ಟು ಬಿಗಿ ಮಾಡಿದರೆ ಸ್ಲಿಪ್ ಜಾಸ್ತಿಯೇ ಆಗುತ್ತದೆ. ಹೀಗೆ ಬಿಗಿ ಮಾಡಿಕೊಂಡೇ ಎಷ್ಟೋ ಜನ ಒಳ್ಳೆಯ ಪ್ಲೇಟ್ ಸುಟ್ಟುಕೊಳ್ಳುತ್ತಾರೆ. ಅದಕ್ಕೇ ಈ ಲೇಖನ.

ಇಲ್ಲಿ ಹೇಳುವುದು ಗೇರ್ ಇರುವ, ವೈರ್‌ನಿಂದ ಎಳೆಯುವ ಕ್ಲಚ್ ಇರುವ ಬೈಕ್‌ಗಳಿಗೆ. ಸ್ಪ್ಲೆಂಡರ್, ಶೈನ್, ಪಲ್ಸರ್, ಅಪಾಚೆ, ಬುಲೆಟ್ ಎಲ್ಲ ಇದರಲ್ಲಿ ಬರುತ್ತವೆ. ಸ್ಕೂಟರ್‌ಗಳಿಗೂ ಎಕ್ಸ್‌ಎಲ್ ಮೊಪೆಡ್‌ಗೂ ಇದು ಅನ್ವಯಿಸುವುದಿಲ್ಲ. ಅವುಗಳ ಕ್ಲಚ್ ಎಂಜಿನ್ ವೇಗಕ್ಕೆ ತಾನೇ ಹಿಡಿಯುತ್ತದೆ, ಕೈಯಲ್ಲಿ ಹೊಂದಿಸುವ ಲಿವರ್ ಇರುವುದಿಲ್ಲ.

ಒಳಗೆ ಏನು ನಡೆಯುತ್ತದೆ

ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಹೆಚ್ಚಿನ ಬೈಕ್‌ಗಳಲ್ಲಿ ಎಂಜಿನ್ನಿನ ಬಲಗಡೆ, ದೊಡ್ಡ ಕವರಿನ ಒಳಗೆ ಕ್ಲಚ್ ಇರುತ್ತದೆ. ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಜೋಡಿಸಿದ ಪ್ಲೇಟ್‌ಗಳು. ಒಂದು ಉಕ್ಕಿನದು, ಒಂದು ಮೈಮೇಲೆ ಹಿಡಿತದ ಪದರ ಇರುವುದು, ಹೀಗೆ ಸರದಿಯಲ್ಲಿ. ಇವು ಎಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತವೆ. ಗಟ್ಟಿ ಸ್ಪ್ರಿಂಗ್‌ಗಳು ಇವನ್ನು ಒತ್ತಿ ಹಿಡಿದಿರುವುದರಿಂದ ಎಂಜಿನ್ನಿನ ಶಕ್ತಿ ಗೇರಿಗೆ, ಅಲ್ಲಿಂದ ಚಕ್ರಕ್ಕೆ ಹೋಗುತ್ತದೆ. ನೀವು ಲಿವರ್ ಹಿಡಿದಾಗ ವೈರ್ ಎಳೆಯುತ್ತದೆ, ಎಂಜಿನ್ ಮೇಲಿನ ಒಂದು ಚಿಕ್ಕ ತೋಳು ತಿರುಗುತ್ತದೆ, ಸ್ಪ್ರಿಂಗ್ ಒತ್ತಡ ಬಿಡುತ್ತದೆ, ಪ್ಲೇಟ್‌ಗಳು ಬೇರೆಯಾಗುತ್ತವೆ.

ಅಂದರೆ ವೈರ್ ಎಳೆಯುವುದು ಕ್ಲಚ್ ಬಿಡಿಸಲಿಕ್ಕೆ, ಹಿಡಿಸಲಿಕ್ಕಲ್ಲ. ಹಿಡಿಯುವ ಕೆಲಸ ಸ್ಪ್ರಿಂಗ್‌ಗಳದ್ದು. ವೈರ್ ತೀರಾ ಬಿಗಿಯಾಗಿದ್ದರೆ ನೀವು ಲಿವರ್ ಮುಟ್ಟದೇ ಇದ್ದರೂ ಲಿವರ್ ಸ್ವಲ್ಪ ಎಳೆದ ಹಾಗೇ ಇರುತ್ತದೆ. ಪ್ಲೇಟ್‌ಗಳು ಒಂದಕ್ಕೊಂದು ಪೂರ್ತಿ ಅಂಟುವುದಿಲ್ಲ, ಜಾರುತ್ತವೆ, ಕಾಯುತ್ತವೆ, ಸವೆಯುತ್ತವೆ.

ಅದಕ್ಕೇ ಲಿವರಿಗೆ 'ಆಟ' ಬೇಕು. ಲಿವರ್ ಹಿಡಿಯಲು ಶುರು ಮಾಡಿದಾಗ, ವೈರ್ ಬಿಗಿಯಾಗುವ ಮೊದಲು ಅದು ಸುಮ್ನೆ ಸರಿದಾಡುವ ಅಂತರಕ್ಕೆ ಆಟ ಅನ್ನುತ್ತೇವೆ. ಗ್ಯಾರೇಜಿನಲ್ಲಿ ಇದಕ್ಕೆ ಫ್ರೀ ಪ್ಲೇ ಅಂತಾರೆ. ಹೆಚ್ಚಿನ ಬೈಕ್‌ಗಳಿಗೆ ಲಿವರಿನ ತುದಿಯಲ್ಲಿ ಅಳೆದರೆ 10ರಿಂದ 20 ಮಿ.ಮೀ. ಇದ್ದರೆ ಸರಿ. ಕೆಲವು ಕಂಪನಿಯವರು ತುದಿಯ ಬದಲು ಬುಡದಲ್ಲಿ, ಅಂದರೆ ಲಿವರ್ ಮತ್ತು ಅದನ್ನು ಕೂರಿಸಿದ ಹೋಲ್ಡರ್ ನಡುವೆ, 2ರಿಂದ 3 ಮಿ.ಮೀ. ಅಂತ ಕೊಡುತ್ತಾರೆ. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ಬೇಕಾಗುವ ಸಾಮಾನು

10, 12, 14 ನಂಬರಿನ ಪಾನಗಳು, ಅದರಲ್ಲೂ ಎರಡು ಪಾನ ಒಟ್ಟಿಗೆ ಹಿಡಿಯುವಷ್ಟು ಜೋಡಿ. ಒಂದು ಇಕ್ಕಳ. ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್. ಹಳೇ ಹಲ್ಲುಜ್ಜುವ ಬ್ರಶ್, ಹಳೇ ಬಟ್ಟೆ. ಸ್ವಲ್ಪ ತೆಳು ಎಂಜಿನ್ ಆಯಿಲ್ ಅಥವಾ ಕೇಬಲ್‌ಗೆ ಹಾಕುವ ಸ್ಪ್ರೇ, ಒಂದು ಚಿಟಿಕೆ ಗ್ರೀಸ್. ಇಷ್ಟೇ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೆಳಗಿನ ನಟ್ ಇರುವುದು ಸೈಲೆನ್ಸರ್ ಪೈಪಿನ ಹತ್ತಿರವೇ, ಕೈ ಸುಟ್ಟುಕೊಳ್ಳುವುದು ಸುಲಭ. ಎಂಜಿನ್ ಬಿಸಿ ಇದ್ದಾಗ ಆಟದ ಅಳತೆಯೂ ಸ್ವಲ್ಪ ಬದಲಾಗುತ್ತದೆ. ಗಾಡಿಯನ್ನು ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಕೀ ತೆಗೆದಿಡಿ. ಮಳೆಗಾಲದಲ್ಲಿ ನಮ್ಮ ಅಂಗಳದ ಪಾಚಿ ಮೇಲೆ ಈ ಕೆಲಸ ಬೇಡ. ಸ್ಟ್ಯಾಂಡ್ ಜಾರಿ ಗಾಡಿ ಮೈಮೇಲೆ ಬರುತ್ತದೆ. ಜಗಲಿಯ ಕಡೆ ಅಥವಾ ಕೊಟ್ಟಿಗೆಯ ಸಿಮೆಂಟ್ ನೆಲ ಒಳ್ಳೆಯದು.

ಹಂತ 1: ರೋಗ ಯಾವುದು ಅಂತ ತಿಳಿಯಿರಿ

ಕ್ಲಚ್ ತೊಂದರೆ ಎರಡೇ ಬಗೆ. ಒಂದು, ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು, ಸರಿಯಾಗಿ ಬಿಡುವುದಿಲ್ಲ. ಎರಡಕ್ಕೂ ಮದ್ದು ಉಲ್ಟಾ. ಹಾಗಾಗಿ ಈ ಹಂತ ಹಾರಿಸಬೇಡಿ.

ಹಿಡಿಯದಿದ್ದರೆ ಅದು ಸ್ಲಿಪ್. ಎಕ್ಸಲರೇಟರ್ ತಿರುಗಿಸಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಸಮತಟ್ಟಿನ ರಸ್ತೆಯಲ್ಲಿ ಗೊತ್ತಾಗದೇ ಇರಬಹುದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅರಬೈಲ್ ಘಟ್ಟವನ್ನೋ ಗೇರುಸೊಪ್ಪೆ ಕಡೆಯ ಏರನ್ನೋ ಹತ್ತುವಾಗ ತಾನಾಗಿ ಹೊರಬೀಳುತ್ತದೆ. ಸುಟ್ಟ ವಾಸನೆ ಬಂದರೆ ಕಾಯಿಲೆ ಮುಂದುವರಿದಿದೆ ಅಂತ ಲೆಕ್ಕ.

ಬಿಡದಿದ್ದರೆ ಅದಕ್ಕೆ ಡ್ರ್ಯಾಗ್ ಅನ್ನುತ್ತಾರೆ. ಕ್ಲಚ್ ಲಿವರ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ. ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಮೊದಲ ಗೇರ್ ಹಾಕಿದಾಗ ಟಕ್ ಅಂತ ಜೋರು ಸದ್ದು, ಗಾಡಿ ಕುಪ್ಪಳಿಸುತ್ತದೆ. ಇದು ಹೆಚ್ಚಾಗಿ ವೈರ್ ಸಡಿಲವಾದ ಲಕ್ಷಣ. ಇದಕ್ಕೆ ಮಾತ್ರ ಬಿಗಿ ಮಾಡುವುದು ಸರಿ.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಎದುರಿಗೆ ಯಾರೂ ಇಲ್ಲದ ಬಯಲಲ್ಲಿ ಗಾಡಿ ಮೇಲೆ ಕೂತು ಸ್ಟಾರ್ಟ್ ಮಾಡಿ, ಎರಡೂ ಬ್ರೇಕ್ ಗಟ್ಟಿ ಹಿಡಿದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಆರೋಗ್ಯವಾಗಿರುವ ಕ್ಲಚ್ಚಾದರೆ ಎಂಜಿನ್ ಗಕ್ಕೆಂದು ಆಫ್ ಆಗಬೇಕು. ಲಿವರ್ ಪೂರ್ತಿ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ತಕ್ಷಣ ಕ್ಲಚ್ ಹಿಡಿದು ಆಫ್ ಮಾಡಿ. ಇದನ್ನು ಮತ್ತೆ ಮತ್ತೆ ಮಾಡಿ ನೋಡಬಾರದು, ಪರೀಕ್ಷೆಯೇ ಪ್ಲೇಟ್ ತಿನ್ನುತ್ತದೆ.

ಹಂತ 2: ವೈರ್ ನೋಡಿ

ಹೊಂದಿಸುವ ಮೊದಲು ವೈರ್ ಗಟ್ಟಿ ಇದೆಯೇ ಅಂತ ನೋಡಬೇಕು. ಹರಿಯಲು ಶುರುವಾದ ವೈರನ್ನು ಎಷ್ಟು ಹೊಂದಿಸಿದರೂ ಅದು ದಿನ ದಿನಕ್ಕೆ ಉದ್ದವಾಗುತ್ತಲೇ ಇರುತ್ತದೆ.

ಲಿವರಿನ ಬಳಿಯ ರಬ್ಬರ್ ಟೊಪ್ಪಿ ಹಿಂದಕ್ಕೆ ಸರಿಸಿ. ಲಿವರ್ ಹಿಡಿದು ಬಿಡುತ್ತಾ ವೈರಿನ ತುದಿಯನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ಸೀಸದ ಗುಂಡಿನ ಹಾಗೆ ಒಂದು ಚಿಕ್ಕ ತುಂಡು ಇರುತ್ತದೆ, ಅದಕ್ಕೆ ನಿಪ್ಪಲ್ ಅನ್ನುತ್ತಾರೆ. ಲಿವರಿನ ತೂತಿನಲ್ಲಿ ಕೂರುವುದು ಅದೇ. ಹೆಚ್ಚಿನ ವೈರ್ ಹರಿಯುವುದು ಅದರ ಕುತ್ತಿಗೆಯಲ್ಲಿ. ಒಂದೇ ಒಂದು ಎಳೆ ಮುಳ್ಳಿನ ಹಾಗೆ ಎದ್ದಿದ್ದರೂ ವೈರ್ ಬದಲಿಸಿ. ಒಂದು ಎಳೆ ಹೋದ ಮೇಲೆ ಅದರ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಬೆರಳು ಸವರಿ ನೋಡಬೇಡಿ, ಆ ಎಳೆ ಚರ್ಮದೊಳಗೆ ಹೋಗಿ ಮುರಿಯುತ್ತದೆ.

ಆಮೇಲೆ ವೈರಿನ ದಾರಿ ನೋಡಿ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎರಡೂ ಕಡೆ ಆಟ ಒಂದೇ ಸಮ ಇರಬೇಕು. ಒಂದು ಕಡೆ ತಿರುಗಿಸಿದಾಗ ಲಿವರ್ ಬಿಗಿಯಾದರೆ ವೈರ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಕ್ಲಿಪ್‌ನಿಂದ ಹೊರಗೆ ಬಂದಿದೆ. ಹೆಡ್‌ಲೈಟ್ ಹಿಂದೆ ಮತ್ತು ಟ್ಯಾಂಕಿನ ಕೆಳಗೆ ಹುಡುಕಿ.

ಕಾರವಾರ, ತದಡಿ, ಹೊನ್ನಾವರದ ಸಮುದ್ರದ ಬದಿಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ವೈರಿನ ಒಳಗೆ ತುಕ್ಕು ಬೇಗ ಹಿಡಿಯುತ್ತದೆ. ಹೊರಗಿನ ಕಪ್ಪು ಕವಚ ಹೊಸದರ ಹಾಗೇ ಇರಬಹುದು, ಒಳಗೆ ಕೆಂಪು ಪುಡಿ. ಕವಚ ಒಂದು ಕಡೆ ಬಿರಿದಿದ್ದರೂ ನೀರು ಒಳಗೆ ಹೋಗುತ್ತದೆ. ಲಿವರ್ ಗರಗರ ಅನ್ನುತ್ತಾ ಬಂದರೆ, ಬಿಟ್ಟ ಮೇಲೆ ಚಟ್ಟನೆ ವಾಪಸ್ ಹೋಗದಿದ್ದರೆ, ವೈರ್ ಒಳಗಿಂದ ಹೋಗಿದೆ.

ಹಂತ 3: ವೈರಿಗೆ ಎಣ್ಣೆ

ಲಿವರಿನ ಬಳಿ ಇರುವ ಅಡ್ಜಸ್ಟರಿನಲ್ಲಿ ಎರಡು ಭಾಗ ಇದೆ. ಕೈಯಲ್ಲೇ ತಿರುಗಿಸುವ ಸ್ಕ್ರೂ ಒಂದು, ಅದು ಅಲ್ಲಾಡದಂತೆ ಹಿಡಿಯುವ ಬಳೆ ಇನ್ನೊಂದು. ಬಳೆ ಸಡಿಲಿಸಿ, ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿ. ಸ್ಕ್ರೂ, ಬಳೆ, ಹೋಲ್ಡರ್ ಮೂರರಲ್ಲೂ ಉದ್ದಕ್ಕೆ ಒಂದು ಸೀಳು ಇರುತ್ತದೆ. ಮೂರೂ ಸೀಳು ಒಂದೇ ನೇರಕ್ಕೆ ತಂದರೆ ವೈರ್ ಹೊರಗೆ ಬರುತ್ತದೆ. ಬಾರದಿದ್ದರೆ ಎಂಜಿನ್ ಬಳಿಯ ನಟ್ ಸ್ವಲ್ಪ ಸಡಿಲಿಸಿ.

ಈಗ ವೈರಿನ ಮೇಲ್ತುದಿಗೆ ಚಿಕ್ಕ ಪ್ಲಾಸ್ಟಿಕ್ ತೊಟ್ಟೆಯನ್ನು ಆಲಿಕೆಯ ಹಾಗೆ ಸುತ್ತಿ, ದಾರದಿಂದ ಬಿಗಿದು, ಎರಡು ಚಮಚ ಆಯಿಲ್ ಹಾಕಿ ಬಿಡಿ. ಒಳಗಿನ ವೈರನ್ನು ಮೇಲೆ ಕೆಳಗೆ ಎಳೆಯುತ್ತಾ ಇದ್ದರೆ ಆಯಿಲ್ ಇಳಿಯುತ್ತದೆ. ಕೆಳಗಿನ ತುದಿಯಲ್ಲಿ ಮೊದಲು ಕಪ್ಪು ಅಥವಾ ಕೆಂಪು ಕೊಳೆ ಬರುತ್ತದೆ, ಆಮೇಲೆ ತಿಳಿ ಆಯಿಲ್. ತಿಳಿ ಬಂದರೆ ಸಾಕು. ಒಳಗೆ ನೈಲಾನ್ ಪದರ ಇರುವ ವೈರ್‌ಗಳಿಗೆ ಎಣ್ಣೆ ಬೇಡ ಅಂತ ಕೆಲವು ಕಂಪನಿಗಳು ಹೇಳುತ್ತವೆ, ಪುಸ್ತಕ ನೋಡಿಕೊಳ್ಳಿ.

ಗ್ರೀಸ್ ಒಳಗೆ ತುಂಬಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆಯೂ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿರಸಿ, ಸಿದ್ದಾಪುರದ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಎಣ್ಣೆ ಹೆಪ್ಪಾಗಿರುವುದು ನೋಡಿದ್ದೀರಲ್ಲ, ವೈರಿನೊಳಗೂ ಅದೇ ಆಗುತ್ತದೆ.

ಲಿವರ್ ಕೂತಿರುವ ಬೋಲ್ಟಿಗೆ ಮಾತ್ರ ಗ್ರೀಸ್ ಬೇಕು. ಬೋಲ್ಟ್ ಬಿಚ್ಚಿ, ಒರೆಸಿ, ತೆಳುವಾಗಿ ಸವರಿ ಹಾಕಿ. ನಿಪ್ಪಲ್ಲಿಗೂ ಸ್ವಲ್ಪ ಸವರಿ ವೈರ್ ವಾಪಸ್ ಕೂರಿಸಿ, ಅದು ತೂತಿನಲ್ಲಿ ಸಲೀಸಾಗಿ ತಿರುಗಿದರೆ ವೈರಿನ ಕುತ್ತಿಗೆ ಮಡಚುವುದಿಲ್ಲ. ವೈರ್ ಬಹಳ ದಿನ ಬಾಳುವುದು ಇದರಿಂದಲೇ.

ಹಂತ 4: ಆಟ ಹೊಂದಿಸಿ

ಕ್ರಮ ನೆನಪಿಡಿ: ಮೊದಲು ಕೆಳಗೆ, ಆಮೇಲೆ ಮೇಲೆ. ದೊಡ್ಡ ಹೊಂದಾಣಿಕೆ ಎಂಜಿನ್ ಬಳಿ, ಚಿಕ್ಕದು ಲಿವರಿನ ಬಳಿ.

ಮೇಲಿನ ಸ್ಕ್ರೂವನ್ನು ಪೂರ್ತಿ ಒಳಗೆ ಹಾಕಿ, ಅಲ್ಲಿಂದ ಎರಡು ಮೂರು ಸುತ್ತು ಮಾತ್ರ ಹೊರಗೆ ತನ್ನಿ. ಇದರಿಂದ ಮುಂದೆ ರಸ್ತೆಯಲ್ಲಿ ಎರಡೂ ಕಡೆಗೆ ಹೊಂದಿಸಲು ಜಾಗ ಉಳಿಯುತ್ತದೆ.

ಈಗ ಎಂಜಿನ್ ಬಳಿ ಬನ್ನಿ. ವೈರಿನ ಕವಚ ಒಂದು ತಗಡಿನ ಹಿಡಿಗೆ ಸಿಕ್ಕಿರುವಲ್ಲಿ ಎರಡು ನಟ್ ಇವೆ, ಹಿಡಿಯ ಆಚೆ ಒಂದು, ಈಚೆ ಒಂದು. ಒಂದು ಹೊಂದಿಸಲು, ಇನ್ನೊಂದು ಅದನ್ನು ಲಾಕ್ ಮಾಡಲು. ಬ್ರಶ್‌ನಿಂದ ಕೆಸರು ತೆಗೆಯಿರಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಕಾಯಿರಿ. ಅವಸರ ಮಾಡಿದರೆ ನಟ್ಟಿನ ಮೂಲೆ ಸವೆದು ಪಾನ ನಿಲ್ಲುವುದಿಲ್ಲ. ಲಾಕ್ ನಟ್ ಸಡಿಲಿಸಿ. ಇನ್ನೊಂದನ್ನು ತಿರುಗಿಸುತ್ತಾ, ಮಧ್ಯೆ ಮಧ್ಯೆ ಮೇಲೆ ಹೋಗಿ ಲಿವರಿನ ಆಟ ನೋಡಿ. ಯಾವ ಕಡೆ ತಿರುಗಿಸಬೇಕು ಎಂಬ ಗೊಂದಲ ಬೇಡ. ಕವಚವನ್ನು ಎಂಜಿನ್ ತೋಳಿನಿಂದ ದೂರ ತಳ್ಳಿದರೆ ಆಟ ಕಡಿಮೆಯಾಗುತ್ತದೆ, ಹತ್ತಿರ ಬಿಟ್ಟರೆ ಜಾಸ್ತಿಯಾಗುತ್ತದೆ.

ಅಳೆಯುವುದು ಹೀಗೆ. ಹ್ಯಾಂಡಲ್ ನೇರ ಇರಲಿ. ಲಿವರಿನ ತುದಿಯ ಪಕ್ಕ ಸ್ಕೇಲ್ ಹಿಡಿಯಿರಿ. ಒಂದೇ ಬೆರಳಿನಿಂದ, ಹಗುರವಾಗಿ, ಲಿವರ್ ಎಳೆಯಿರಿ. ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ಬೆರಳಿಗೆ ಸ್ಪ್ರಿಂಗಿನ ತಡೆ ಸಿಗುತ್ತದೆ. ಅಲ್ಲಿಯವರೆಗೆ ತುದಿ ಎಷ್ಟು ಸರಿಯಿತೋ ಅದೇ ಆಟ. 15 ಮಿ.ಮೀ. ಹತ್ತಿರ ಬಂದರೆ ಲಾಕ್ ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಇನ್ನೊಂದು ನಟ್ಟನ್ನು ಎರಡನೇ ಪಾನದಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಎರಡೂ ಒಟ್ಟಿಗೆ ತಿರುಗಿ ಅಳತೆ ಹೋಗುತ್ತದೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಉಳಿದ ಸಣ್ಣ ವ್ಯತ್ಯಾಸ ಮೇಲಿನ ಸ್ಕ್ರೂನಲ್ಲಿ. ಅದು ಹೊರಗೆ ಬಂದಷ್ಟೂ ಆಟ ಕಡಿಮೆ, ಒಳಗೆ ಹೋದಷ್ಟೂ ಜಾಸ್ತಿ. ಕೊನೆಗೆ ಬಳೆಯನ್ನು ಕೈಯಲ್ಲೇ ಬಿಗಿ ಮಾಡಿ, ಇಕ್ಕಳ ಬೇಡ. ಸ್ಕ್ರೂ ಮತ್ತು ಬಳೆಯ ಸೀಳುಗಳು ಹೋಲ್ಡರಿನ ಸೀಳಿನ ನೇರಕ್ಕೆ ನಿಲ್ಲಬಾರದು, ವೈರ್ ಜಾರಿ ಬರಬಹುದು. ಸೀಳು ಆಕಾಶಕ್ಕೆ ಮುಖ ಮಾಡಿಯೂ ಇರಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಳೆ ಆ ಸೀಳಿನಿಂದಲೇ ವೈರಿನೊಳಗೆ ಇಳಿಯುತ್ತದೆ. ಸೀಳು ಕೆಳಮುಖ ಮಾಡಿ, ರಬ್ಬರ್ ಟೊಪ್ಪಿ ಮುಂದಕ್ಕೆ ತಂದು ಮುಚ್ಚಿ. ಟೊಪ್ಪಿ ಹರಿದಿದ್ದರೆ ಹೊಸದು ಹಾಕಿ, ದೊಡ್ಡ ಖರ್ಚೇನಲ್ಲ.

ಹಂತ 5: ಓಡಿಸಿ ನೋಡಿ

ಎಂಜಿನ್ ಆಫ್ ಇದ್ದಾಗಲೇ, ಡಬಲ್ ಸ್ಟ್ಯಾಂಡ್ ಮೇಲೆ, ಮೊದಲ ಗೇರ್ ಹಾಕಿ ಕ್ಲಚ್ ಪೂರ್ತಿ ಹಿಡಿದು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಆಯಿಲ್‌ನಿಂದಾಗಿ ಸ್ವಲ್ಪ ತಡೆ ಇರುತ್ತದೆ, ಅದು ಸಹಜ. ಆದರೆ ತಿರುಗಬೇಕು. ಕಡ್ಡಿ ಅಥವಾ ಚೈನಿನ ಹತ್ತಿರ ಬೆರಳು ಇಡಬೇಡಿ, ಟೈರ್ ಹಿಡಿದು ತಿರುಗಿಸಿ.

ಆಮೇಲೆ ಸ್ಟ್ಯಾಂಡ್ ಇಳಿಸಿ, ಸ್ಟಾರ್ಟ್ ಮಾಡಿ, ಖಾಲಿ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಹೋಗಿ ಬನ್ನಿ. ನಿಂತಲ್ಲಿ ನ್ಯೂಟ್ರಲ್ ಸುಲಭವಾಗಿ ಸಿಗಬೇಕು. ಏರಿನಲ್ಲಿ ಸದ್ದು ಮತ್ತು ವೇಗ ಒಟ್ಟಿಗೆ ಏರಬೇಕು. ಬಿಸಿಯಾದ ಮೇಲೂ ಲಿವರಿನಲ್ಲಿ ಆಟ ಇದೆಯೇ ನೋಡಿ. ಇಲ್ಲದೇ ಹೋದರೆ ಮೇಲಿನ ಸ್ಕ್ರೂ ಅರ್ಧ ಸುತ್ತು ಒಳಗೆ ಹಾಕಿ.

ಹೊಸದಾಗಿ ಹೊಂದಿಸಿದ ಮೇಲೆ ಲಿವರ್ ಮೊದಲಿಗಿಂತ ಬೇರೆ ಜಾಗದಲ್ಲಿ ಹಿಡಿಯುತ್ತದೆ. ಕೈಗೆ ಅಭ್ಯಾಸ ಆಗುವವರೆಗೆ ಪೇಟೆಯ ಜನಸಂದಣಿಗೆ ಹೋಗಬೇಡಿ.

ಆಯಿಲ್ ತಪ್ಪಿದರೆ ಇದೆಲ್ಲ ದಂಡ

ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಇರುತ್ತವೆ ಅಂದೆನಲ್ಲ. ಹಾಗಾಗಿ ಕಾರಿಗೆ ತಂದ ಆಯಿಲ್ ಉಳಿದಿದೆ ಅಂತ ಬೈಕಿಗೆ ಹಾಕಬೇಡಿ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು, ಬೈಕಿನ ಪ್ಲೇಟ್ ಮಾತ್ರ ಜಾರಲು ಶುರುವಾಗುತ್ತದೆ. ಡಬ್ಬಿಯ ಹಿಂದೆ 'ಜಾಸೋ ಎಂಎ' ಅಥವಾ 'ಜಾಸೋ ಎಂಎ2' ಎಂಬ ಗುರುತು ಇರುವ ಆಯಿಲ್ ತನ್ನಿ. ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಎಂಬ ಜಪಾನಿ ಗುಣಮಟ್ಟದ ಗುರುತು ಅದು. 'ಎಂಬಿ' ಅಂತ ಇದ್ದರೆ ಅದು ಸ್ಕೂಟರಿಗೆ, ಗೇರ್ ಬೈಕಿಗಲ್ಲ. ಆಯಿಲ್ ಎಷ್ಟು ದಪ್ಪ ಇರಬೇಕು ಎಂಬುದು, ಅಂದರೆ 10ಡಬ್ಲ್ಯೂ-30 ಬೇಕೋ 20ಡಬ್ಲ್ಯೂ-50 ಬೇಕೋ ಅನ್ನುವುದು, ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ.

ನೆರೆ ನೀರಿನಲ್ಲಿ ಗಾಡಿ ಮುಳುಗಿದ್ದರೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಅದನ್ನು ಪೂರ್ತಿ ತೆಗೆದು ಹೊಸದು ಹಾಕದೆ ಕಿಕ್ ಹೊಡೆಯಬೇಡಿ.

ಕೊಟ್ಟಿಗೆಯಲ್ಲಿ ನಿಂತ ಗಾಡಿ

ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸಿಟ್ಟವರಿಗೆ ಇನ್ನೊಂದು ತೊಂದರೆ ಬರುತ್ತದೆ. ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡು, ಕ್ಲಚ್ ಹಿಡಿದರೂ ಬಿಡುವುದಿಲ್ಲ. ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ನುಗ್ಗಿ ಆಫ್ ಆಗುತ್ತದೆ. ಇದಕ್ಕೆ ವೈರ್ ಬಿಗಿ ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಬಿಸಿಯಾಗಲು ಬಿಡಿ. ಆಫ್ ಮಾಡಿ. ಎರಡನೇ ಅಥವಾ ಮೂರನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು, ಗಾಡಿಯನ್ನು ಮುಂದೆ ಹಿಂದೆ ಜಗ್ಗಿ. ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಆಮೇಲೆ ಗಾಡಿ ಸರಾಗವಾಗಿ ತಳ್ಳಲು ಬರುತ್ತದೆ.

ಘಟ್ಟದಲ್ಲಿ ಓಡಿಸುವ ಕ್ರಮ

ಏರಿನಲ್ಲಿ ಮುಂದಿನ ಲಾರಿ ನಿಂತರೆ ನೀವೂ ಬ್ರೇಕ್ ಹಿಡಿದು ನಿಲ್ಲಿ. ಹಾಫ್ ಕ್ಲಚ್ಚಿನಲ್ಲಿ, ಅಂದರೆ ಲಿವರ್ ಅರ್ಧ ಬಿಟ್ಟು, ಗಾಡಿಯನ್ನು ತೂಗಿ ನಿಲ್ಲಿಸಬೇಡಿ. ಹಿಂದೆ ಅಡಿಕೆ ಚೀಲ ಇದ್ದಾಗಂತೂ ಬೇಡವೇ ಬೇಡ. ಒಂದೇ ತಿರುವಿನಲ್ಲಿ ಹಾಗೆ ನಿಂತರೆ ಪ್ಲೇಟಿಗೆ ಬೀಳುವ ಬಿಸಿ, ಕುಮಟಾದಿಂದ ಕಾರವಾರದವರೆಗೆ ಹೆದ್ದಾರಿಯಲ್ಲಿ ಓಡಿದರೂ ಬೀಳುವುದಿಲ್ಲ. ಶಿರಸಿ ಜಾತ್ರೆಯ ಜನಜಂಗುಳಿಯಲ್ಲೂ ಅಷ್ಟೇ, ನಿಂತಾಗ ನ್ಯೂಟ್ರಲ್ ಮಾಡಿ ಕೈ ಬಿಡಿ.

ಓಡಿಸುವಾಗ ಎರಡು ಬೆರಳು ಸದಾ ಕ್ಲಚ್ ಲಿವರ್ ಮೇಲೆ ಇಡುವ ಅಭ್ಯಾಸ ಬಿಡಿ. ಬೆರಳಿನ ಭಾರವೇ ಆಟವನ್ನು ತಿಂದು ಬಿಡುತ್ತದೆ. ಇಳಿಜಾರಿನಲ್ಲಿ ಕ್ಲಚ್ ಹಿಡಿದು ಜಾರಿಸಿಕೊಂಡು ಹೋಗುವುದು ಪ್ಲೇಟಿಗಿಂತ ನಿಮ್ಮ ಜೀವಕ್ಕೆ ಅಪಾಯ. ಎಂಜಿನ್ನಿನ ತಡೆ ಇಲ್ಲದೆ ಬ್ರೇಕ್ ಒಂದೇ ಎಲ್ಲ ಭಾರ ಹೊರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಘಟ್ಟದಲ್ಲಿ ದಿನಾ ಓಡಾಡುವವರು ಒಂದು ಹೊಸ ವೈರ್ ತಂದು, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ, ಹಳೇ ವೈರಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಕಟ್ಟಿಟ್ಟುಕೊಳ್ಳಿ. ವೈರ್ ಹರಿದರೆ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ, ತುದಿಗಳನ್ನು ಬದಲಿಸಿದರೆ ಮುಗಿಯಿತು. ಮೊಬೈಲ್ ನೆಟ್‌ವರ್ಕೂ ಸಿಗದ ತಿರುವಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಯಾವಾಗ ಗ್ಯಾರೇಜಿಗೆ

ವೈರ್ ಹಿಗ್ಗಿದರೆ ಆಟ ಜಾಸ್ತಿಯಾಗುತ್ತದೆ. ಪ್ಲೇಟ್ ಸವೆದರೆ ಹಲವು ಗಾಡಿಗಳಲ್ಲಿ ಆಟ ಕಡಿಮೆಯಾಗುತ್ತಾ ಬರುತ್ತದೆ. ತಿಂಗಳಿಗೊಮ್ಮೆ ಆಟ ನೋಡುವ ರೂಢಿ ಇಟ್ಟುಕೊಂಡರೆ ಯಾವುದು ಸವೆಯುತ್ತಿದೆ ಎಂಬ ಸುಳಿವು ಮೊದಲೇ ಸಿಗುತ್ತದೆ. ವೈರಿನ ಎಣ್ಣೆ ಕೆಲಸ ವರ್ಷಕ್ಕೆ ಎರಡು ಸಲ ಸಾಕು, ಮಳೆಗೆ ಮೊದಲು ಮೇ ತಿಂಗಳಲ್ಲಿ ಮತ್ತು ಮಳೆ ಹೋದ ಮೇಲೆ ಅಕ್ಟೋಬರ್‌ನಲ್ಲಿ.

ಆಟ ಸರಿಯಿದೆ, ಆಯಿಲ್ ಸರಿಯಿದೆ, ಆದರೂ ಏರಿನಲ್ಲಿ ಜಾರುತ್ತಿದೆ ಅಂದರೆ ಪ್ಲೇಟ್ ಅಥವಾ ಸ್ಪ್ರಿಂಗ್ ಮುಗಿದಿದೆ. ಅದಕ್ಕೆ ಎಂಜಿನ್ ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಹೊಸದು ಬೇಕು, ನಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಅಳತೆಯ ಪಾನ (ಟಾರ್ಕ್ ರೆಂಚ್) ಬೇಕು. ಮೊದಲ ಸಲ ಮಾಡುವವರು ಮೆಕ್ಯಾನಿಕ್ ಹತ್ತಿರವೇ ಹೋಗಿ, ಪಕ್ಕದಲ್ಲಿ ನಿಂತು ನೋಡಿ. ಪ್ಲೇಟ್ ಮಾತ್ರ ಹಾಕಿಸಬೇಡಿ, ಸ್ಪ್ರಿಂಗ್‌ಗಳನ್ನೂ ಜೊತೆಗೇ ಬದಲಿಸಲು ಹೇಳಿ. ಹೊಸ ಹಿಡಿತದ ಪ್ಲೇಟ್‌ಗಳನ್ನು ಜೋಡಿಸುವ ಮೊದಲು ಎಂಜಿನ್ ಆಯಿಲ್‌ನಲ್ಲಿ ನೆನೆಸಿದ್ದಾರೆಯೇ ಕೇಳಿ. ಒಣಗಿದ್ದು ಹಾಗೇ ಹಾಕಿದರೆ ಮೊದಲ ದಿನವೇ ಸುಡಬಹುದು. ತೆಗೆದ ಹಳೇ ಪ್ಲೇಟ್ ತೋರಿಸಲು ಹೇಳಿ. ಉಕ್ಕಿನ ಪ್ಲೇಟ್ ನೀಲಿಗಟ್ಟಿದ್ದರೆ ಅದು ತೀರಾ ಕಾದಿದೆ, ಅದನ್ನು ವಾಪಸ್ ಹಾಕಬಾರದು. ಹೊಸ ಪ್ಲೇಟ್ ಕೂತುಕೊಳ್ಳಲು ಸ್ವಲ್ಪ ಓಟ ಬೇಕು. ಹಾಗಾಗಿ ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಸ್ಕೇಲ್ ಹಿಡಿದು ಲಿವರಿನ ಆಟ ಮತ್ತೊಮ್ಮೆ ಅಳೆದುಕೊಳ್ಳಿ.